ಆ ಮಧ್ಯಾಹ್ನ ಪಟ್ಟಿ ಕಟ್ಟಿದ್ದು ಯಾರು

ದೆವ್ವ, ಭೂತ, ಮೈಮೇಲೆ ಬರುವುದು, ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇದೆ ಎಂದು ಹೇಳಲಾರೆ. ನಾನು ಬೆಳೆದ ಮನೆಯ ಗೋಡೆಯಲ್ಲಿ ಬುದ್ಧನ ಪಟ ಒಂದು ಬಿಟ್ಟರೆ ಬೇರೆ ಪಟ ಇರಲಿಲ್ಲ. ಅಪ್ಪ ಪೋಸ್ಟ್ ಆಫೀಸಿನಲ್ಲಿದ್ದರು. ನೆಂಟರು ಯಾರಾದರೂ ಬಂದು ಊರಾಚೆಯ ಹುಣಸೆಮರದ ಕತೆ ಶುರು ಮಾಡಿದರೆ, "ನೀವು ಕಣ್ಣಾರೆ ಕಂಡ್ರಾ?" ಎಂದು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು. ಅಲ್ಲಿಗೆ ಕತೆ ಮುಗಿಯುತ್ತಿತ್ತು. ನಾನು ಟೀಚರ್ ಆದ ಮೇಲೆ ಶಾಲೆಯ ಮಕ್ಕಳಿಗೂ ಅದನ್ನೇ ಹೇಳಿಕೊಟ್ಟೆ. ಈಗ ಬರೆಯುತ್ತಿರುವುದನ್ನು ನಾನೂ ಕಣ್ಣಾರೆ ಕಂಡಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದು ಆಗಿಹೋದ ಮೇಲೆ ಉಳಿದದ್ದನ್ನು ಮಾತ್ರ ಕಂಡೆ. ಓದಿದವರು ಏನೆಂದುಕೊಂಡರೂ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆ ಇರಬೇಕು. ನಾವು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಮನೆಯವರು ಗೂಡ್ಸ್ ಗಾಡಿಯ ಗಾರ್ಡು. ವಾರದಲ್ಲಿ ನಾಲ್ಕು ದಿನ ಲೈನಿನ ಮೇಲೇ ಇರುತ್ತಿದ್ದರು. ನನಗೆ ಹಾರನಹಳ್ಳಿಯ ಶಾಲೆಯಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ.

ಅತ್ತೆಗೆ ಹಳೆಯ ಸಕ್ಕರೆ ಕಾಯಿಲೆ. ಪಾದಗಳಿಗೆ ಬಿಸಿ ತಣ್ಣಗೆ ಗೊತ್ತಾಗುತ್ತಿರಲಿಲ್ಲ. ಕಣ್ಣಿಗೂ ಪೊರೆ ಬಂದು ಎದುರಿಗಿದ್ದವರು ಮಸುಕು ಮಸುಕು. ಚಳಿಗಾಲದ ಒಂದು ಬೆಳಗ್ಗೆ ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕುಳಿತಿದ್ದರು. ಹಿಮ್ಮಡಿ ಕೆಂಡಕ್ಕೆ ತಾಗಿದ್ದು ತಿಳಿಯಲೇ ಇಲ್ಲ. ವಾಸನೆ ಬಂದು ನಾನು ಓಡಿ ಹೋಗಿ ಎಳೆದಾಗ, "ಯಾಕೆ, ಏನಾಯ್ತು?" ಎಂದು ನನ್ನನ್ನೇ ಕೇಳಿದರು.

ಹಿಮ್ಮಡಿಯ ಗಾಯ ಹದಿನೈದು ದಿನದಲ್ಲಿ ಹರಡಿ ಹರಡಿ ಕಾಲ ಗಂಟಿನ ಮೇಲಕ್ಕೆ ಬಂತು. ಅಲ್ಲಿ ಅವರಿಗೆ ನೋವು ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಸುಡುವಾಗ ಬಾರದ ನೋವೆಲ್ಲ ಪಟ್ಟಿ ಬಿಚ್ಚುವಾಗ ಬರುತ್ತಿತ್ತು. ಹಾಸನದ ಒಂದು ಆಸ್ಪತ್ರೆಯಲ್ಲಿ ತೋರಿಸಿದೆವು. ಅಲ್ಲಿನ ಸರ್ಜನ್ ಔಷಧಿ ಬರೆದುಕೊಟ್ಟು, ದಿನಾ ಡ್ರೆಸ್ಸಿಂಗ್ ಆಗಬೇಕು, ಹತ್ತು ದಿನ ನೋಡೋಣ, ಹೊಸ ಮಾಂಸ ಬರದಿದ್ದರೆ ಪಾದ ತೆಗೆಯಬೇಕಾಗುತ್ತದೆ ಎಂದರು. ಅತ್ತೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಏನಂದರು ಎಂದು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ನಮ್ಮಿಬ್ಬರ ನಡುವೆ ಮಾತು ಕಡಿಮೆ. ಕಾರಣ ಹೇಳಿಬಿಡುತ್ತೇನೆ. ಅದಕ್ಕೆ ಒಂಬತ್ತು ವರ್ಷ ಮೊದಲು ನನಗೊಂದು ಹೆಣ್ಣುಮಗು ಆಗಿತ್ತು. ನಾಲ್ಕು ತಿಂಗಳಿಗೆ ನನ್ನ ರಜೆ ಮುಗಿದು, ಮಗುವನ್ನು ಅತ್ತೆಯ ಕೈಯಲ್ಲಿ ಬಿಟ್ಟು ಶಾಲೆಗೆ ಹೋಗತೊಡಗಿದೆ. ಒಂದು ಸಂಜೆ ಬಂದಾಗ ಮಗು ಜ್ವರದಲ್ಲಿ ಬೇಯುತ್ತಿತ್ತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು, ಉಳಿಯಲಿಲ್ಲ. ಬಂದ ಜನರ ಮುಂದೆ ಅತ್ತೆ ಅಂದರು: "ಹಾಲು ಕುಡಿಸೋ ಹೊತ್ನಲ್ಲಿ ಇವಳು ಹಾಜರಿ ಕೂಗ್ತಿದ್ಲು." ಅಷ್ಟೇ ಮಾತು. ಆಮೇಲೆ ನನಗೆ ಮಕ್ಕಳಾಗಲಿಲ್ಲ. ಊಟ ಬಡಿಸುವುದು, ಮಾತ್ರೆ ಕೊಡುವುದು, ನೀರು ಕಾಯಿಸುವುದು ಯಾವುದನ್ನೂ ನಾನು ತಪ್ಪಿಸಲಿಲ್ಲ. ಮಾತು ಮಾತ್ರ ಬೇಕಾದಷ್ಟೇ. ಅವರು ನನ್ನನ್ನು "ಟೀಚರಮ್ಮ" ಎಂದು ಕರೆಯುತ್ತಿದ್ದರು.

ಗಾಯಕ್ಕೆ ಏನು ಕಟ್ಟಬೇಕು ಎಂಬುದು ನನಗೇನು ಗೊತ್ತು? ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಗಾಜ್ ಬಟ್ಟೆ ಕೇಳಿದರೆ ಅಂಗಡಿಯವನು ಎರಡು ಮೂರು ಥರ ತೆಗೆದು ಹಾಕುತ್ತಿದ್ದ. ಒಂದು ಸೊಳ್ಳೆಪರದೆಯಷ್ಟು ಜಾಳು, ಕತ್ತರಿಸಿದರೆ ಅಂಚಿನಿಂದ ನೂಲು ಕಿತ್ತು ಬರುವಂಥದ್ದು. ಇನ್ನೊಂದು ಒತ್ತಾಗಿ ನೇಯ್ದದ್ದು. ಮತ್ತೊಂದು ಚೌಕ ಚೌಕವಾಗಿ ಮಡಿಸಿ ಕವರಿನಲ್ಲಿ ಹಾಕಿದ್ದು. ಯಾವುದು ಒಳ್ಳೆಯದು ಅಂದರೆ, "ಎಲ್ಲಾ ಒಂದೇ ಮೇಡಂ, ಎಲ್ರೂ ಇದನ್ನೇ ತಗೊಂಡ್ ಹೋಗ್ತಾರೆ" ಎಂದು ಜಾಳು ಬಟ್ಟೆ ಸುತ್ತಿಕೊಡುತ್ತಿದ್ದ. ಮೊದಲು ಎರಡು ದಿನ ಗಾಯದ ಮೇಲೆ ನೇರವಾಗಿ ಹತ್ತಿ ಇಟ್ಟೆ. ಎಳೆ ಎಳೆಯಾಗಿ ಅಂಟಿಕೊಂಡು, ಕೀಳುವುದರೊಳಗೆ ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಒಣ ಗಾಜ್ ಇಟ್ಟು ಕಟ್ಟಿದೆ. ಮರುದಿನ ಬಿಚ್ಚುವಾಗ ಅದು ಗಾಯಕ್ಕೆ ಮೆತ್ತಿಕೊಂಡಿರುತ್ತಿತ್ತು. ಎಳೆದರೆ ರಕ್ತ. ಅತ್ತೆ ಮಂಚದ ಕಂಬಿ ಹಿಡಿದು ಕಿರುಚುತ್ತಿದ್ದರು.

"ಸಿಟ್ಟು ತೀರಿಸ್ಕೊಳ್ತಿದೀಯ ಟೀಚರಮ್ಮ, ತೀರಿಸ್ಕೋ," ಎಂದರು ಒಂದು ದಿನ.

ಬೆಳಗ್ಗೆ ನಾಲ್ಕಕ್ಕೆ ಎದ್ದು ಅಡಿಗೆ, ಆಮೇಲೆ ಪಟ್ಟಿ, ಆಮೇಲೆ ಬಸ್ಸು, ಐವತ್ತು ಮಕ್ಕಳು, ಮತ್ತೆ ಬಸ್ಸು, ಮತ್ತೆ ಅಡಿಗೆ. ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತ ಅರ್ಧದಲ್ಲಿ ನಿಂತುಬಿಟ್ಟಿದ್ದೆ, ಮಕ್ಕಳೆಲ್ಲ ನಗುತ್ತಿದ್ದರು. ನಾನು ಎಳೆದಿದ್ದರಲ್ಲಿ ಸಿಟ್ಟು ಇತ್ತೋ ಇಲ್ಲವೋ ಎಂದು ನನಗೇ ಖಾತ್ರಿ ಇರಲಿಲ್ಲ. ಬೇಗ ಮುಗಿದರೆ ಸಾಕಾಗಿತ್ತು.

ಏಳನೆಯ ದಿನಕ್ಕೂ ಗಾಯ ಹಾಗೇ ಇತ್ತು. ಅತ್ತೆಯನ್ನು ಮತ್ತೆ ಹಾಸನದ ತನಕ ಕುಲುಕಿಸಿಕೊಂಡು ಹೋಗುವುದು ಆಗದ ಮಾತು. ನಾನೊಬ್ಬಳೇ ಹೋಗಿ ಕೇಳಿಕೊಂಡು ಬರೋಣವೆಂದು ಎಂಟನೆಯ ದಿನ ರಜೆ ಹಾಕಿದೆ. ಬೆಳಗ್ಗೆ ಎಂದಿನಂತೆ ಒಣ ಗಾಜ್ ಇಟ್ಟು ಕಟ್ಟಿದೆ. ಅಂದು ಬಿಚ್ಚಿದ ಹಳೆಯ ಬಟ್ಟೆಯನ್ನು, ಡಾಕ್ಟರಿಗೆ ತೋರಿಸಲು, ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡೆ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಮುಂದಿನ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಎದುರು ಮನೆಯ ಜಯಮ್ಮನಿಗೆ ಕೊಟ್ಟೆ. ಅವಳ ಗಂಡ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಮಧ್ಯಾಹ್ನ ಒಂದು ತುತ್ತು ಊಟ ಕೊಟ್ಟು ಮತ್ತೆ ಬೀಗ ಹಾಕುತ್ತೇನೆ ಎಂದು ಒಪ್ಪಿಕೊಂಡಿದ್ದಳು. ಗಾಯ ಕಂಡರೆ ತಲೆ ತಿರುಗುತ್ತದೆಂದು ಅವಳು ಅತ್ತೆಯ ಕಾಲ ಕಡೆ ನೋಡುತ್ತಲೇ ಇರಲಿಲ್ಲ.

ಹಾಸನದಲ್ಲಿ ಸರ್ಜನ್ ಸಿಗಲಿಲ್ಲ, ಆಪರೇಷನ್ ಕೊಠಡಿಯಲ್ಲಿದ್ದರು. ಡ್ರೆಸ್ಸಿಂಗ್ ರೂಮಿನಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಸಾಲಾಗಿ ಕುಳಿತವರಿಗೆಲ್ಲ ಪಟ್ಟಿ ಕಟ್ಟಿ ಮುಗಿಸುವ ತನಕ ಕಾದೆ. ಕವರಿನಿಂದ ನಾನು ತೆಗೆದ ಬಟ್ಟೆಯನ್ನು ಅವರು ಇಕ್ಕಳದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು.

"ಈ ಕೆಂಪು ಚುಕ್ಕೆ ನೋಡಿದ್ರಾ? ಇದು ಹೊಸ ಮಾಂಸ. ಪಾಪ, ದಿನಾ ಬರ್ತಾ ಇದೆ, ದಿನಾ ನೀವು ಕಿತ್ತು ಹಾಕ್ತಾ ಇದೀರ."

ಅವರು ಬೈಯಲಿಲ್ಲ. ಒಂದು ಸ್ಟೂಲ್ ಎಳೆದು ಕೂರಿಸಿ ಹೇಳಿಕೊಟ್ಟರು. ಅಂಗಡಿಯಲ್ಲಿ ಇರುವುದನ್ನು ನೋಡಿ ಬಟ್ಟೆ ತರಬೇಡಿ, ಗಾಯ ನೋಡಿ ತನ್ನಿ ಅಂದರು. ಕೀವು ಸೋರುವಾಗ ಹೀರಿಕೊಳ್ಳುವ ದಪ್ಪ ಪ್ಯಾಡ್ ಬೇಕು. ಕೆಂಪಗೆ ಚಿಗುರುತ್ತಿರುವ ಗಾಯಕ್ಕೆ ಒಣ ಬಟ್ಟೆ ತಾಗಲೇಬಾರದು, ಮೊದಲು ಜಿಡ್ಡು ಹಚ್ಚಿದ ಗಾಜ್, ಅದರ ಮೇಲೆ ಒಣದ್ದು. ಹತ್ತಿ ಏನಿದ್ದರೂ ಎರಡು ಪದರ ಬಟ್ಟೆಯ ಆಚೆಗೆ. ಹಳೆಯದನ್ನು ತೆಗೆಯುವ ಮುಂಚೆ ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ಚೆನ್ನಾಗಿ ನೆನೆಸಿ, ತಾನಾಗಿ ಬಿಡುವ ತನಕ ಕಾಯಬೇಕು. ಪಟ್ಟಿಯನ್ನು ಬೆರಳ ಕಡೆಯಿಂದ ಮೇಲಕ್ಕೆ ಸುತ್ತಬೇಕು, ಬೆರಳ ತುದಿ ಹೊರಗೆ ಕಾಣಬೇಕು. ಗಂಟು ಪಾದದ ಮೇಲ್ಗಡೆ ಬರಬೇಕು, ಒತ್ತುವ ಕಡೆ ಬರಕೂಡದು. ನಾನು ಇಷ್ಟು ದಿನ ಗಂಟನ್ನು ಹಿಮ್ಮಡಿಯ ಹತ್ತಿರವೇ ಹಾಕುತ್ತಿದ್ದೆ.

ಒಂದು ಸ್ಟೀಲ್ ಡಬ್ಬಿಯಲ್ಲಿ ಜಿಡ್ಡಿನ ಗಾಜ್ ತುಂಡುಗಳನ್ನು ಹಾಕಿಕೊಟ್ಟು, "ಹತ್ತು ತುಂಡಿದೆ, ಹತ್ತು ದಿನಕ್ಕಾಯ್ತು. ಆಮೇಲೆ ಅಂಗಡೀಲಿ ತಗೊಳ್ಳಿ, ಹೆಸರು ಬರೆದುಕೊಡ್ತೀನಿ" ಎಂದರು. ನಾನು ಎಣಿಸಿ ನೋಡಲಿಲ್ಲ. ಕೈಯಲ್ಲಿ ಒಮ್ಮೆ ಹಿಡಿಸಿ ಅಭ್ಯಾಸವನ್ನೂ ಮಾಡಿಸಿದರು. ಹೊರಡುವಾಗ ನನ್ನ ಮುಖ ನೋಡಿ, "ನೀವು ಎಷ್ಟು ದಿನ ಆಯ್ತಮ್ಮ ನಿದ್ದೆ ಮಾಡಿ?" ಎಂದು ಕೇಳಿದರು.

ಒಂದು ಗಂಟೆಯ ಸುಮಾರಿಗೆ ಬಸ್ ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡದ್ದು ನೆನಪಿದೆ. ಊರು ದಾಟುವ ಮೊದಲೇ ನಿದ್ದೆ ಬಂದಿರಬೇಕು. ಅಂಥ ನಿದ್ದೆಯನ್ನು ನಾನು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ಕನಸು ಬಿದ್ದ ನೆನಪಿಲ್ಲ. ಕಂಡಕ್ಟರ್ ಭುಜದ ಹತ್ತಿರ ಬಂದು ಕೂಗಿದಾಗ ಎಚ್ಚರವಾಯಿತು. ಬಸ್ ಅರಸೀಕೆರೆಯಲ್ಲಿ ನಿಂತಿತ್ತು, ಒಳಗೆ ನಾನೊಬ್ಬಳೇ. ಹಾರನಹಳ್ಳಿ ಬರುವ ಮೊದಲೇ ಟೈರ್ ಪಂಕ್ಚರ್ ಆಗಿ ಒಂದೂವರೆ ಗಂಟೆ ನಿಂತಿತ್ತಂತೆ. ಎಲ್ಲರೂ ಇಳಿದು ಮರದ ಕೆಳಗೆ ನಿಂತಿದ್ದರಂತೆ. "ಎಷ್ಟು ಕೂಗಿದ್ರೂ ನೀವು ಏಳ್ಲೇ ಇಲ್ಲ ಮೇಡಂ, ನಮಗೇ ಭಯ ಆಯ್ತು" ಎಂದ. ಗಡಿಯಾರ ನೋಡಿದೆ, ನಾಲ್ಕು ದಾಟಿತ್ತು. ಬೆರಳ ತುದಿಗಳೆಲ್ಲ ಜಿಡ್ಡು ಜಿಡ್ಡು. ಡಬ್ಬಿಯ ಮುಚ್ಚಳದ ಸಂದಿಯಿಂದ ಸೋರಿರಬೇಕು ಎಂದುಕೊಂಡು ಸೆರಗಿಗೆ ಒರೆಸಿಕೊಂಡೆ.

ಕ್ವಾರ್ಟರ್ಸಿಗೆ ಬಂದಾಗ ಜಯಮ್ಮ ತನ್ನ ಮನೆಯ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟಳು.

"ಇದೇನ್ ಟೀಚರ್, ನೀವ್ ಒಳಗಿದ್ರಲ್ಲ? ಯಾವಾಗ ಆಚೆ ಹೋದ್ರಿ?"

"ಈಗ ತಾನೆ ಬಸ್ಸಿಳಿದು ಬರ್ತಿದೀನಿ ಜಯಮ್ಮ. ಬೀಗದ ಕೈ ಕೊಡಿ."

"ನೀವ್ ಮಾತಾಡ್ತಿದ್ದಿದ್ದು ಕೇಳಿಸ್ತು ಕಣ್ರೀ. ನಾನು ಅಜ್ಜಿಗೆ ಊಟ ಕೊಟ್ಟು ಬೀಗ ಹಾಕ್ಕೊಂಡ್ ಬಂದು ಇಲ್ಲಿ ಕೂತೆ. ಒಂದು ಗಳಿಗೆ ಆದ್ಮೇಲೆ ನಿಮ್ ದನಿ. ಓಹೋ, ಹಿತ್ಲು ಕಡೆಯಿಂದ ಬಂದವ್ರೆ ಅನ್ಕೊಂಡೆ."

ಬೀಗ ಅವಳು ಹಾಕಿದ ಹಾಗೇ ಇತ್ತು. ಒಳಗೆ ಹೋಗಿ ಮೊದಲು ನೋಡಿದ್ದು ಹಿತ್ತಲ ಬಾಗಿಲು. ಅಗಳಿ ಹಾಕಿತ್ತು. ರೇಡಿಯೋ ಏನಾದರೂ ಇರಬೇಕು, ಪಕ್ಕದ ಮನೆಯ ದನಿ ಇರಬೇಕು ಎಂದುಕೊಂಡು ಕೈಕಾಲು ತೊಳೆದು, ನೀರಿಗೆ ಉಪ್ಪು ಹಾಕಿ ಕಾಯಿಸಿ ಆರಲು ಇಟ್ಟೆ. ಆರಿದ ಮೇಲೆ ತಟ್ಟೆ, ಕತ್ತರಿ ಎಲ್ಲ ತೆಗೆದುಕೊಂಡು ಅತ್ತೆಯ ಮಂಚದ ಹತ್ತಿರ ಕುಳಿತೆ.

ಅತ್ತೆ ನಿದ್ದೆಯಿಂದ ಕಣ್ಣು ಬಿಟ್ಟರು. ಮುಖ ತಿಳಿಯಾಗಿತ್ತು.

"ಮಧ್ಯಾಹ್ನ ಕಟ್ಟಿದ್ಯಲ್ಲ, ಮತ್ಯಾಕವ್ವ ಬಿಚ್ತೀಯ? ಇವತ್ತು ನೋವೇ ಆಗ್ಲಿಲ್ಲ ಕಣವ್ವ."

ಹೊದಿಕೆ ಸರಿಸಿ ಕಾಲು ನೋಡಿದೆ. ಬೆಳಗ್ಗೆ ನಾನು ಕಟ್ಟಿದ ಪಟ್ಟಿ ಅದಲ್ಲ. ಬೆರಳ ಕಡೆಯಿಂದ ಮೇಲಕ್ಕೆ ಒಂದರ ಮೇಲೊಂದು ಒಂದೇ ಅಳತೆಯಲ್ಲಿ ಸುತ್ತಿತ್ತು. ಐದೂ ಬೆರಳ ತುದಿ ಹೊರಗಿತ್ತು. ಗಂಟು ಪಾದದ ಮೇಲ್ಗಡೆ, ಸಣ್ಣದಾಗಿ. ಅಂಚು ಎತ್ತಿ ನೋಡಿದೆ, ಒಣ ಬಟ್ಟೆಯ ಅಡಿಯಲ್ಲಿ ಜಿಡ್ಡಿನ ಗಾಜ್. ಮಂಚದ ಕೆಳಗಿನ ತಟ್ಟೆಯಲ್ಲಿ ಬೆಳಗಿನ ಹಳೆಯ ಬಟ್ಟೆ ಒದ್ದೆಯಾಗಿ ಬಿದ್ದಿತ್ತು. ಅದರಲ್ಲಿ ರಕ್ತದ ಒಂದು ಚುಕ್ಕೆಯೂ ಇರಲಿಲ್ಲ.

ನಾನು ಚೀಲದಿಂದ ಡಬ್ಬಿ ತೆಗೆದು ಎಣಿಸಿದೆ. ಒಂಬತ್ತು ಇತ್ತು. ಸಿಸ್ಟರ್ ಹತ್ತು ಅಂದಿದ್ದರು. ಅವರು ತಪ್ಪಿ ಎಣಿಸಿರಬಹುದು. ಹಾಗೆಂದೇ ನನಗೆ ನಾನು ಹೇಳಿಕೊಂಡೆ.

"ಅತ್ತೆ, ಮಧ್ಯಾಹ್ನ ಯಾರು ಬಂದಿದ್ರು?"

"ಯಾರ್ ಬತ್ತಾರೆ? ಜಯಮ್ಮ ಮುದ್ದೆ ಕೊಟ್ಟು ಹೋದ್ಲು. ಆಮೇಲೆ ನೀನೇ ಬಂದ್ಯಲ್ಲ." ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು. ಒಂಬತ್ತು ವರ್ಷದಲ್ಲಿ ಮೊದಲ ಸಲ. "ನಂಗೆ ಎದೆ ಭಾರ ಇಳೀತು ಕಣವ್ವ. ನೀನು ಆ ಮಾತು ಅಂದ್ಯಲ್ಲ, ಆವತ್ತು ಮಗೀಗೆ ಮಧ್ಯಾಹ್ನನೇ ಮೈ ಕಾದಿತ್ತು, ನಾನು ಡಾಕ್ಟ್ರತ್ರ ಎತ್ಕೊಂಡ್ ಹೋಗ್ದೆ ನೀನು ಬರ್ಲಿ ಅಂತ ಸಂಜೆ ಗಂಟ ಕಾದೆ ಅಂತ. ನಿಂಗೆ ಹೆಂಗ್ ತಿಳೀತು? ನಾನು ಯಾರಿಗೂ ಹೇಳಿರ್ಲಿಲ್ಲ, ನನ್ ಮಗನಿಗೂ ಹೇಳಿರ್ಲಿಲ್ಲ. ಆಮೇಲೆ ನೀನೇ ಅಂದೆ, ಅದು ನಿಮ್ ತಪ್ಪೂ ಅಲ್ಲ, ನನ್ ತಪ್ಪೂ ಅಲ್ಲ, ಬಿಡಿ ಅತ್ತೆ ಅಂತ."

ನಾನು ಆ ಮಾತು ಆಡಿರಲಿಲ್ಲ. ಆಡಲು ನನಗೆ ವಿಷಯವೇ ಗೊತ್ತಿರಲಿಲ್ಲ. ಮಗುವಿಗೆ ಮಧ್ಯಾಹ್ನವೇ ಜ್ವರ ಬಂದಿತ್ತು ಎಂಬುದನ್ನು ನಾನು ಮೊದಲ ಸಲ ಕೇಳಿದ್ದೇ ಆ ಗಳಿಗೆಯಲ್ಲಿ.

ಕೈ ಬಿಡಿಸಿಕೊಂಡು ಅಡಿಗೆಮನೆಗೆ ಹೋದೆ. ನೀರಿನ ಹಂಡೆಯ ಪಕ್ಕ ಗೋಡೆಗೆ ಒರಗಿ ನಿಂತೆ. ಒಂಬತ್ತು ವರ್ಷ ನಾನು ರಾತ್ರಿ ಹಗಲು ಹೊತ್ತು ತಿರುಗಿದ ಅಪವಾದ, ಅದನ್ನು ನನ್ನ ತಲೆಗೆ ಕಟ್ಟಿದವರಿಗೆ ನಿಜ ಮೊದಲೇ ಗೊತ್ತಿತ್ತು. ಹೋಗಿ ಆ ಪಟ್ಟಿಯನ್ನು ಕಿತ್ತೆಸೆಯಬೇಕು ಅನ್ನಿಸಿತು. ಕೂಗಾಡಬೇಕು ಅನ್ನಿಸಿತು. ಆದರೆ ಯಾರೋ ನನ್ನ ದನಿಯಲ್ಲಿ, ನನ್ನ ಹೆಸರಿನಲ್ಲಿ, ಆಗಲೇ ಕ್ಷಮಿಸಿ ಹೋಗಿಬಿಟ್ಟಿದ್ದರು. ಇನ್ನು ನಾನು ಏನಂತ ಜಗಳ ಶುರು ಮಾಡುವುದು? ನಿಜ ಹೇಳಬೇಕೆಂದರೆ, ಜಗಳ ಆಡುವಷ್ಟು ಶಕ್ತಿಯೂ ಮೈಯಲ್ಲಿ ಉಳಿದಿರಲಿಲ್ಲ.

ಒಳಗಿನಿಂದ ಅತ್ತೆ ಕರೆದರು. "ಇನ್ನೊಂದ್ಸಲ ಹೇಳವ್ವ ಆ ಮಾತ್ನ."

ಬಾಗಿಲ ಹತ್ತಿರ ಹೋಗಿ ನಿಂತೆ.

"ಹೇಳಿದೀನಲ್ಲ ಅತ್ತೆ, ಮಲಗಿ," ಎಂದೆ.

ಹಾಗೆ ಒಂದು ಸುಳ್ಳನ್ನು ನನ್ನದು ಮಾಡಿಕೊಂಡೆ. ಮರುದಿನದಿಂದ ಸಿಸ್ಟರ್ ಹೇಳಿದಂತೆಯೇ ಪಟ್ಟಿ ಕಟ್ಟಿದೆ. ಉಪ್ಪುನೀರು ಹಾಕಿ, ಬಟ್ಟೆ ತಾನಾಗಿ ಬಿಡುವ ತನಕ ಕಾಯುವಾಗ ಹತ್ತು ಹದಿನೈದು ನಿಮಿಷ ಅವರ ಪಕ್ಕ ಸುಮ್ಮನೆ ಕೂರಲೇಬೇಕಾಗುತ್ತಿತ್ತು. ಅವರು ಏನಾದರೂ ಹೇಳುತ್ತಿದ್ದರು, ನಾನು ಹ್ಞೂಂ ಅನ್ನುತ್ತಿದ್ದೆ. ಹತ್ತನೆಯ ದಿನ ಹೇಗೋ ಕಾರು ಮಾಡಿಕೊಂಡು ಕರೆದುಕೊಂಡು ಹೋದೆವು. ಸರ್ಜನ್ ಬಗ್ಗಿ ನೋಡಿ, ಅಂಚಿನಲ್ಲಿ ಕೆಂಪಾಗಿದೆ, ಕಾಯೋಣ ಎಂದರು. ಮೂರು ತಿಂಗಳಲ್ಲಿ ಗಾಯ ಮುಚ್ಚಿತು. ಪಾದ ಉಳಿಯಿತು.

ಮನೆಯವರು ಬಂದ ಮೇಲೆ ಎಲ್ಲವನ್ನೂ ಹೇಳಿದೆ, ಮಗುವಿನ ವಿಷಯ ಒಂದನ್ನು ಬಿಟ್ಟು. ಬೆಳಗ್ಗೆ ನೀನೇ ನಿದ್ದೆಗಣ್ಣಲ್ಲಿ ಹಾಗೆ ಕಟ್ಟಿ ಹೋಗಿರಬೇಕು ಎಂದರು. ಆ ಜಿಡ್ಡಿನ ಗಾಜ್ ಬೆಳಗ್ಗೆ ಮನೆಯಲ್ಲಿ ಎಲ್ಲಿತ್ತು ಎಂದು ಕೇಳಿದೆ. ಅವರು ಯೋಚಿಸಿ, "ಜಯಮ್ಮ?" ಎಂದರು. ಜಯಮ್ಮನನ್ನು ಕೇಳಿದರೆ, "ಅಯ್ಯೋ, ನಾನ್ ಮುಟ್ತೀನಾ ಅದನ್ನ?" ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಅತ್ತೆ ತಾವೇ ಕಟ್ಟಿಕೊಂಡರೆಂದರೆ, ಅವರಿಗೆ ಸೊಂಟ ಬಗ್ಗಿಸಿ ಪಾದ ಮುಟ್ಟಲು ಆಗುತ್ತಿರಲಿಲ್ಲ. ಅತಿ ಆಯಾಸದಲ್ಲಿ ಮನಸ್ಸು ಏನೇನೋ ಮಾಡುತ್ತದೆ ಎಂದು ಪರಿಚಯದ ಡಾಕ್ಟರೊಬ್ಬರು ಹೇಳಿದರು. ಇರಬಹುದು. ಆದರೆ ಆಯಾಸವಾಗಿದ್ದು ನನಗೆ, ದನಿ ಕೇಳಿಸಿದ್ದು ಜಯಮ್ಮನಿಗೆ.

ಅತ್ತೆ ಅದಾದ ಮೇಲೆ ಆರು ವರ್ಷ ಬದುಕಿದ್ದರು. ಕೊನೆಯಲ್ಲಿ ಹಾಸಿಗೆ ಹಿಡಿದಾಗ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಒಂದು ಬೆಳಗ್ಗೆ ಗಂಜಿ ಕುಡಿಸುತ್ತಿದ್ದಾಗ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೇಳಿದರು:

"ಆವತ್ತು ಪಟ್ಟಿ ಕಟ್ಟಿದ್ಲಲ್ಲ, ಅವಳು ಮತ್ತೆ ಬರ್ಲೇ ಇಲ್ಲ, ಅಲ್ವಾ?"

"ನಾನೇ ಅಲ್ವಾ ಅತ್ತೆ ಕಟ್ಟಿದ್ದು?"

"ಇಲ್ಲ ಕಣವ್ವ. ನೀನು ಬಾಗ್ಲತ್ರ ನಿಂತ್ಕೊಂಡು ಹೇಳಿದೀನಲ್ಲ ಅಂದ್ಯಲ್ಲ, ಆಗ್ಲೇ ನಂಗೆ ಗೊತ್ತಾಯ್ತು ನೀನಲ್ಲ ಅಂತ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನೂ ಹೇಳ್ಲಿಲ್ವಲ್ಲ."

ಯಾರು ಅವಳು, ಹೇಗಿದ್ದಳು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಬಟ್ಟಲನ್ನು ಕೆಳಗಿಟ್ಟು, ಅವರ ಕೈ ಹಿಡಿದುಕೊಂಡು, ಅದು ನಿಮ್ಮ ತಪ್ಪೂ ಅಲ್ಲ ಅತ್ತೆ, ನನ್ನ ತಪ್ಪೂ ಅಲ್ಲ ಎಂದು ಹೇಳಿದೆ. ಆರು ವರ್ಷ ತಡವಾಗಿ, ನನ್ನದೇ ಬಾಯಿಂದ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಕೇಳಿಸಿಕೊಂಡರೋ, ಮಂಪರಿನಲ್ಲಿದ್ದರೋ ತಿಳಿಯಲಿಲ್ಲ. ಎರಡು ದಿನ ಬಿಟ್ಟು ಹೋದರು.

ಅಪ್ಪ ಬದುಕಿದ್ದಿದ್ದರೆ ನೀನು ಕಣ್ಣಾರೆ ಕಂಡೆಯಾ ಎಂದು ಕೇಳುತ್ತಿದ್ದರು. ಇಲ್ಲ ಅನ್ನಬೇಕಾಗುತ್ತಿತ್ತು. ಕಂಡವರು ಒಬ್ಬರೇ, ಅವರ ಕಣ್ಣಿಗೆ ಪೊರೆ ಬಂದಿತ್ತು. ಆ ಮಧ್ಯಾಹ್ನ ನಾನು ಹಾರನಹಳ್ಳಿಯ ಆಚೆ ನಿಂತ ಬಸ್ಸಿನಲ್ಲಿ ಮಲಗಿದ್ದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.